ಬಟ್ಟೆಗೆ ಬಣ್ಣ ಕಚ್ಚಿಸಿದ ಕಥೆ

ನವೆಂಬರ್ ಹತ್ತಿರವಾಗುತ್ತಿದ್ದಂತೆ ಊರೂರಿನ ಯುವಕ ಸಂಘಗಳು ಹಳದಿ-ಕೆಂಪಿನ ಟೀ ಶರ್ಟುಗಳಿಗೆ ಆರ್ಡರ್ ಕೊಡಲು ಹೊರಡುತ್ತವೆ. ಶಾಲೆಯ ಕ್ರೀಡಾಕೂಟ, ಗಣೇಶೋತ್ಸವ, ಹಳೆಯ ವಿದ್ಯಾರ್ಥಿಗಳ ಕೂಟ, ಮ್ಯಾರಥಾನ್ ಓಟ ಎಲ್ಲಕ್ಕೂ ಈಗ ಹೆಸರು, ಚಿತ್ರ ಹಾಕಿಸಿದ ಅಂಗಿ ಬೇಕು. ಪ್ರಿಂಟಿಂಗ್ ಅಂಗಡಿಯಾತ ನಾವು ಒಯ್ದ ಚಿತ್ರದತ್ತ ಕಣ್ಣು ಹಾಯಿಸುವ ಮೊದಲೇ ಎರಡು ಪ್ರಶ್ನೆ ಕೇಳುತ್ತಾನೆ: 'ಎಷ್ಟು ಪೀಸ್? ಕಾಟನ್ನೋ, ಪಾಲಿಯೆಸ್ಟರೋ?' ಉತ್ತರ ಕೇಳಿದ ಮೇಲೆಯೇ ಆತ ಸ್ಕ್ರೀನ್, ಡಿಜಿಟಲ್, ಸಬ್ಲಿಮೇಶನ್, ಎಂಬ್ರಾಯ್ಡರಿ ಎಂದು ನಾಲ್ಕಾರು ಹೆಸರು ಹೇಳುವುದು. ನಮಗೆ ಗೊಂದಲ ಶುರುವಾಗುವುದೂ ಅಲ್ಲಿಂದಲೇ.

ಆದರೆ ಆ ಎರಡು ಪ್ರಶ್ನೆಗಳು ಅಂಗಡಿಯಾತನ ಸ್ವಂತದ್ದಲ್ಲ. ಬಟ್ಟೆಯ ಮೇಲೆ ಚಿತ್ತಾರ ಮೂಡಿಸಲು ಹೊರಟ ಪ್ರತಿಯೊಬ್ಬನೂ ಎದುರಿಸಿದ ಪ್ರಶ್ನೆಗಳವು. ಅವಕ್ಕೆ ಕಾಲಕಾಲಕ್ಕೆ ದೊರೆತ ಉತ್ತರಗಳಿಂದಾಗಿ ಕೋರಮಂಡಲ ತೀರದ ಕಸುಬುದಾರರು ಜಗತ್ತಿಗೇ ಬಟ್ಟೆ ತೊಡಿಸಿದರು. ಮುಂದೆ ಅದೇ ಉತ್ತರಗಳಿಂದಾಗಿ ಕೆಲಸ ಕಳೆದುಕೊಂಡರು.

ನಮ್ಮ ಅಜ್ಜಿಯರು ಹೂವಿನ ಅಚ್ಚಿದ್ದ ಹತ್ತಿ ಬಟ್ಟೆಯನ್ನು 'ಚೀಟಿ ಬಟ್ಟೆ' ಎನ್ನುತ್ತಿದ್ದರು. ಚೀಟಿ ಲಂಗ, ಚೀಟಿ ಸೀರೆ ಎಂಬ ಮಾತು ಹಳಬರಿಗೆ ಇನ್ನೂ ನೆನಪಿರಬಹುದು. ಹಿಂದಿಯ 'ಛೀಂಟ್', ಇಂಗ್ಲಿಷಿನ 'ಚಿಂಟ್ಸ್', ಕನ್ನಡದ 'ಚೀಟಿ' ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಹದಿನೇಳನೆಯ ಶತಮಾನದಲ್ಲಿ ಯೂರೋಪನ್ನು ಮರುಳು ಮಾಡಿದ್ದು ಈ ಬಟ್ಟೆ. ಮರುಳಾಗಲು ಕಾರಣ ಅದರ ಹೂವಿನ ಅಂದ ಮಾತ್ರವಲ್ಲ, ಒಗೆದರೂ ಬಣ್ಣ ಹೋಗುತ್ತಿರಲಿಲ್ಲ ಎಂಬುದು. ಯೂರೋಪಿನಲ್ಲೂ ಬಟ್ಟೆಯ ಮೇಲೆ ಅಚ್ಚೊತ್ತುವವರಿದ್ದರು. ಆದರೆ ಅವರು ಎಣ್ಣೆಯಲ್ಲೋ ಗೋಂದಿನಲ್ಲೋ ಕಲಸಿದ ಬಣ್ಣವನ್ನು ಮೇಲೆ ಬಳಿಯುತ್ತಿದ್ದರು. ಅದು ನೀರು ಕಂಡರೆ ಬಿಡುತ್ತಿತ್ತು, ಇಲ್ಲವೇ ಒಣಗಿ ಉದುರುತ್ತಿತ್ತು.

ಹತ್ತಿಯ ಸ್ವಭಾವವೇ ಹಾಗೆ. ರೇಷ್ಮೆ, ಉಣ್ಣೆಗಳು ಪ್ರಾಣಿಜನ್ಯ. ಅವು ಬಣ್ಣವನ್ನು ಸುಲಭವಾಗಿ ಹೀರಿಕೊಳ್ಳುತ್ತವೆ. ಹತ್ತಿಗೆ ಬಣ್ಣ ಹಿಡಿಯಬೇಕಾದರೆ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನೇ ಪಟಿಕ. ಹಿಂದೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುತ್ತಿದ್ದ ಬಿಳಿಯ ಹರಳು. ಪಟಿಕದ ನೀರು ಹಚ್ಚಿದ ಕಡೆ ಬೇರಿನ ಬಣ್ಣ ಕೆಂಪಾಗಿ ನಿಲ್ಲುತ್ತದೆ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಿಸಿ ತೆಗೆದ ದ್ರಾವಣ ಹಚ್ಚಿದ ಕಡೆ ಕಪ್ಪಾಗುತ್ತದೆ. ಏನೂ ಹಚ್ಚದ ಕಡೆ ನಿಲ್ಲುವುದಿಲ್ಲ. ಇಂಥ ಮಧ್ಯಸ್ಥ ವಸ್ತುವಿಗೆ ಫ್ರೆಂಚರು ಕೊಟ್ಟ ಹೆಸರು 'ಮೊರ್ಡಾಂಟ್', ಅಂದರೆ ಕಚ್ಚುವಂಥದ್ದು. ಬಣ್ಣ ಕಚ್ಚಿಕೊಂಡಿದೆ, ಕರೆ ಕಚ್ಚಿದೆ ಎಂದು ನಾವೂ ಹೇಳುತ್ತೇವಲ್ಲ! ಎರಡು ಭಾಷೆಗಳಿಗೂ ಒಂದೇ ಉಪಮೆ ಹೊಳೆದದ್ದು ಸೋಜಿಗ.

ಈ ವಿದ್ಯೆ ಬಹು ಪುರಾತನವಾದುದು. ಮಂಜಿಷ್ಠದ ಜಾತಿಯ ಬೇರಿನಿಂದ ಬಣ್ಣ ಕೊಟ್ಟ ಹತ್ತಿ ಬಟ್ಟೆಯ ತುಣುಕುಗಳು ಮೊಹೆಂಜೊದಾರೊದಲ್ಲೇ ದೊರೆತಿವೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಈಜಿಪ್ಟಿನವರು ಬಟ್ಟೆಗೆ ಬಣ್ಣವನ್ನಲ್ಲ, ಬಣ್ಣ ಹೀರುವ ವಸ್ತುಗಳನ್ನು ಬಳಿಯುತ್ತಾರೆ, ಆಮೇಲೆ ಒಂದೇ ಬಣ್ಣದ ಕೊಪ್ಪರಿಗೆಯಲ್ಲಿ ಅದ್ದಿ ತೆಗೆದರೆ ಹಲವು ಬಣ್ಣಗಳು ಮೂಡಿರುತ್ತವೆ ಎಂದು ಬೆರಗಾಗಿ ಬರೆದಿದ್ದಾನೆ. ಕೈರೋ ಬಳಿಯ ಫುಸ್ತಾತ್ ಎಂಬ ಹಳೆಯ ಪಟ್ಟಣದ ತಿಪ್ಪೆಗಳಲ್ಲಿ ಗುಜರಾತಿನ ಅಚ್ಚಿನ ಬಟ್ಟೆಗಳ ಸಾವಿರಾರು ಚಿಂದಿಗಳು ಸಿಕ್ಕವು. ಅವುಗಳಲ್ಲಿ ಕೆಲವು ಸಾವಿರ ವರ್ಷಕ್ಕೂ ಹಿಂದಿನವು. ಯಾರೋ ಉಟ್ಟು ಹರಿದು ಬಿಸಾಡಿದ ಬಟ್ಟೆಯ ಕೆಂಪು ಮತ್ತು ನೀಲಿ ಇಂದಿಗೂ ಕಾಣುತ್ತವೆ.

ಕೋರಮಂಡಲದ ಕಲಂಕಾರಿ ಬಟ್ಟೆ ಸಿದ್ಧವಾಗುತ್ತಿದ್ದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮೊದಲು ಬಟ್ಟೆಯನ್ನು ಅಳಲೆಕಾಯಿಯ ಕಷಾಯ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸುತ್ತಿದ್ದರು. ಅಳಲೆಯ ಒಗರು ಪಟಿಕವನ್ನು ಹಿಡಿಯುತ್ತದೆ. ಹಾಲಿನ ಜಿಡ್ಡು ದ್ರಾವಣ ಹರಡದಂತೆ ತಡೆಯುತ್ತದೆ. ಮರದ ಕೊಡತಿಯಿಂದ ಬಡಿದು ನುಣುಪು ಮಾಡಿದ ಮೇಲೆ, ಸೂಜಿಯಿಂದ ತೂತು ಚುಚ್ಚಿದ ಕಾಗದವನ್ನು ಬಟ್ಟೆಯ ಮೇಲಿಟ್ಟು ಇದ್ದಿಲ ಪುಡಿ ತಟ್ಟಿ ಚಿತ್ರದ ಗುರುತು ಇಳಿಸುತ್ತಿದ್ದರು. ಬಿದಿರಿನ ಕಲಮಿನಿಂದ ಕಪ್ಪಿನ ಗೆರೆ, ಕೆಂಪಿನ ಗೆರೆ ಎಳೆದು ಚಾಯವೇರಿನ ಕೊಪ್ಪರಿಗೆಯಲ್ಲಿ ಕುದಿಸುವುದು ಮುಂದಿನ ಹಂತ. ಕರಾವಳಿಯ ಮರಳುನೆಲದಲ್ಲಿ ಬೆಳೆಯುವ ಸಣ್ಣ ಗಿಡದ ಬೇರು ಅದು. ಬಳಿಕ ಸಗಣಿ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹರವಿ ಬಟ್ಟೆಯ ಬಿಳುಪನ್ನು ಮರಳಿ ತರಬೇಕು. ಇನ್ನು ನೀಲಿ. ನೀಲಿ ಬೇಡದ ಜಾಗಕ್ಕೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯ ಹೊಂಡಕ್ಕೆ ಇಳಿಸಬೇಕು. ಆ ಕೆಲಸದವರೇ ಬೇರೆ. ಮೇಣ ಕರಗಿಸಿ, ಒಗೆದು, ಕೊನೆಯಲ್ಲಿ ನೀಲಿಯ ಮೇಲೆ ಹಳದಿ ಬಳಿದರೆ ಎಲೆ ಹಸಿರಾಗುತ್ತಿತ್ತು. ಈ ಹಳದಿ ಮಾತ್ರ ಕಚ್ಚುವ ಜಾತಿಯದಲ್ಲ. ಆದ್ದರಿಂದಲೇ ಲಂಡನ್, ಪ್ಯಾರಿಸ್‌ಗಳ ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಚೀಟಿ ಬಟ್ಟೆಗಳಲ್ಲಿ ಮರಗಳಿಗೆ ನೀಲಿ ಎಲೆಗಳು. ಕಲಾವಿದನ ಕಲ್ಪನೆ ಎಂದು ನಾವು ಮೆಚ್ಚಿಕೊಳ್ಳುತ್ತೇವೆ. ನಿಜದಲ್ಲಿ ಅದು ಹಾರಿಹೋದ ಹಳದಿ.

ಇಷ್ಟೆಲ್ಲ ಶ್ರಮದಲ್ಲಿ ಒಂದು ಅನುಕೂಲವಿತ್ತು. ಕಲಮು ಹಿಡಿದವನಿಗೆ ಒಂದೇ ಬಟ್ಟೆಯಾದರೂ ಅಷ್ಟೇ ಕೆಲಸ, ನೂರಾದರೂ ತಲಾ ಅಷ್ಟೇ ಕೆಲಸ. ಹಾಗಾಗಿ ಗಿರಾಕಿ ಕೇಳಿದ್ದನ್ನು ಕೇಳಿದಂತೆ ಬರೆದುಕೊಡಬಹುದಿತ್ತು. ಸಯಾಮಿನ ರಾಜಮನೆತನಕ್ಕೆ ಅವರದೇ ಮಾದರಿ, ಪರ್ಷಿಯಾಕ್ಕೆ ಅವರದು, ಇಂಡೋನೇಷ್ಯಾದ ದ್ವೀಪಗಳಿಗೆ ಇನ್ನೊಂದು. ಸುಲವೇಸಿಯ ತೋರಾಜ ಜನ ಇಂಥ ಭಾರತೀಯ ಬಟ್ಟೆಗಳನ್ನು ಪೂಜೆಯ ವಸ್ತುಗಳಂತೆ ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದರು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1643ರಲ್ಲಿ ಸೂರತ್ತಿನ ತಮ್ಮವರಿಗೆ ಬರೆದ ಕಾಗದದಲ್ಲಿ, ನೀವು ಕಳಿಸುವ ಹಚ್ಚಡಗಳ ನೆಲ ಮಂಕು ಕೆಂಪು, ಇಲ್ಲಿ ಯಾರಿಗೂ ಹಿಡಿಸುತ್ತಿಲ್ಲ, ಬಿಳಿಯ ನೆಲ ಹೆಚ್ಚಿರಲಿ, ನಡುವೆ ಹೂ-ಬಳ್ಳಿಗಳನ್ನು ಬರೆಯುವವನು ತನಗೆ ತೋಚಿದಂತೆ ಬರೆಯಲಿ ಎಂಬರ್ಥದ ಸೂಚನೆಯಿದೆ. ಇವತ್ತು ನಾವು 'ಕಸ್ಟಮ್ ಆರ್ಡರ್' ಎನ್ನುವುದು ಇದನ್ನೇ ಅಲ್ಲವೆ?

ಅಚ್ಚಿನ ಲೆಕ್ಕ ಬೇರೆ. ಮರದ ಅಚ್ಚನ್ನು ಕೆತ್ತಲು ದಿನಗಟ್ಟಲೆ ಬೇಕು, ಬಣ್ಣಕ್ಕೊಂದು ಅಚ್ಚು ಬೇಕು. ಒಂದು ಸೀರೆಗಾಗಿ ನಾಲ್ಕು ಅಚ್ಚು ಕೆತ್ತಿಸಿದರೆ ನಷ್ಟ. ನೂರು ಸೀರೆಗಾದರೆ ಲಾಭ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಮು ಉಳಿದುದಕ್ಕೂ, ಮಚಲೀಪಟ್ಟಣ-ಪೆಡನಗಳಲ್ಲಿ ಅಚ್ಚು ಬೆಳೆದುದಕ್ಕೂ ಈ ಲೆಕ್ಕವೇ ಮುಖ್ಯ ಕಾರಣ ಎನ್ನಬಹುದು. ಕಾಳಹಸ್ತಿಯವರು ದೇವಾಲಯಗಳಿಗೆ ಪುರಾಣದ ಕಥೆ ಬರೆದುಕೊಡುತ್ತಿದ್ದರು. ಅಲ್ಲಿ ಒಂದರಂತೆ ಇನ್ನೊಂದು ಬೇಕಿರಲಿಲ್ಲ. ಮಚಲೀಪಟ್ಟಣದವರು ಬಂದರಿನ ವ್ಯಾಪಾರಕ್ಕೆ ದುಡಿಯುತ್ತಿದ್ದರು. ಅಲ್ಲಿ ಒಂದರಂತೆಯೇ ಇನ್ನೊಂದು ಬೇಕಿತ್ತು.

ಯೂರೋಪಿನಲ್ಲಿ ಈ ಬಟ್ಟೆಗೆ ಬಿದ್ದ ಮುಗಿಬೀಳು ಅಲ್ಲಿಯ ರೇಷ್ಮೆ, ಉಣ್ಣೆ ನೇಕಾರರ ಹೊಟ್ಟೆಗೆ ಹೊಡೆಯಿತು. 1686ರಲ್ಲಿ ಫ್ರಾನ್ಸ್ ಚಿತ್ತಾರದ ಹತ್ತಿ ಬಟ್ಟೆಯ ಆಮದನ್ನೂ ದೇಶದೊಳಗಿನ ಅಚ್ಚುಗಾರಿಕೆಯನ್ನೂ ನಿಷೇಧಿಸಿತು. ಇಂಗ್ಲೆಂಡಿನ ಪಾರ್ಲಿಮೆಂಟು 1700ರ ಕಾಯಿದೆಯಿಂದ ಭಾರತದ ಚಿತ್ತಾರದ ಬಟ್ಟೆಯ ಮಾರಾಟ ತಡೆಯಿತು. ಸಾಲದೆಂದು 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು, ಚೀಟಿ ಬಟ್ಟೆ ತೊಟ್ಟ ಹೆಂಗಸರ ಮೈಮೇಲಿನ ಉಡುಪನ್ನೇ ಹರಿದರು, ಶಾಯಿ ಎರಚಿದರು. ಮುಂದಿನ ಕಾಯಿದೆ ತೊಡುವುದನ್ನೇ ಅಪರಾಧವಾಗಿಸಿತು. ಫ್ರಾನ್ಸಿನ ನಿಷೇಧ 1759ರವರೆಗೆ, ಇಂಗ್ಲೆಂಡಿನದು 1774ರವರೆಗೆ ನಡೆಯಿತು. ಮನೆಮಂದಿಯ ಉಡುಪಿನ ಮೇಲಿನ ಹೂವಿಗೆ ಎರಡು ದೊಡ್ಡ ರಾಜ್ಯಗಳು ಇಷ್ಟು ಹೆದರಿದ್ದು ಚರಿತ್ರೆಯಲ್ಲಿ ಅಪರೂಪ.

ನಿಷೇಧವಿದ್ದಾಗಲೇ ಗುಟ್ಟು ಕದಿಯುವ ಕೆಲಸವೂ ಸಾಗಿತ್ತು. ಬ್ಯೂಲಿಯೂ ಎಂಬ ಫ್ರೆಂಚ್ ನೌಕಾಧಿಕಾರಿ 1730ರ ದಶಕದಲ್ಲಿ ಪಾಂಡಿಚೇರಿಯಲ್ಲಿ ಬಟ್ಟೆಯೊಂದಕ್ಕೆ ಬಣ್ಣ ಹಾಕಿಸುತ್ತಾ ಪ್ರತಿ ಹಂತದಲ್ಲೂ ಒಂದೊಂದು ತುಂಡು ಕತ್ತರಿಸಿಟ್ಟುಕೊಂಡು ವಿವರ ಬರೆದ. ಆ ತುಂಡುಗಳು ಪ್ಯಾರಿಸ್ಸಿನಲ್ಲಿ ಉಳಿದಿವೆ. ಕೂರ್ದು ಎಂಬ ಜೆಸ್ವಿಟ್ ಪಾದ್ರಿ, ತಾನು ಮತಾಂತರಿಸಿದ ಬಣ್ಣಗಾರರಿಂದ ವಿಧಾನವನ್ನು ಕೇಳಿ ತಿಳಿದು 1742ರಲ್ಲಿ ದೀರ್ಘವಾದ ಪತ್ರವನ್ನೇ ಬರೆದ. ಸಂಸ್ಕೃತಕ್ಕೂ ಯೂರೋಪಿನ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸ್‌ಗಿಂತ ಮೊದಲೇ ಗುರುತಿಸಿದಾತ ಇದೇ ಪಾದ್ರಿ. ಹೀಗೆ ತಲೆಮಾರುಗಳಿಂದ ಮನೆಯೊಳಗಿದ್ದ ವಿದ್ಯೆ ಕಾಗದದ ಮೇಲೆ ಹಡಗು ಹತ್ತಿತು. ಅದನ್ನು ಹೇಳಿಕೊಟ್ಟವರ ಹೆಸರು ಎಲ್ಲೂ ಇಲ್ಲ.

ಆಮೇಲಿನದು ಯಂತ್ರದ ಕಥೆ, ಬೇಗ ಹೇಳಿಬಿಡಬಹುದು. 1752ರಲ್ಲಿ ಐರ್ಲೆಂಡಿನ ಫ್ರಾನ್ಸಿಸ್ ನಿಕ್ಸನ್ ತಾಮ್ರದ ತಗಡಿನಿಂದ ಬಟ್ಟೆಗೆ ಅಚ್ಚೊತ್ತಿದ. ಒಬೆರ್‌ಕಾಂಫ್ 1760ರಲ್ಲಿ ಪ್ಯಾರಿಸ್ ಬಳಿಯ ಝೂಯಿಯಲ್ಲಿ, ಹರಿಯುವ ನೀರಿನ ಅನುಕೂಲ ನೋಡಿಕೊಂಡು, ಕಾರ್ಖಾನೆ ತೆರೆದ. 1783ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಬೆಲ್ ಕೆತ್ತನೆಯ ತಾಮ್ರದ ಉರುಳೆಗೆ ಪೇಟೆಂಟ್ ಪಡೆದ. ಉರುಳೆ ಯಂತ್ರವೊಂದು ನಲವತ್ತು ಅಚ್ಚುಗಾರರ ಕೆಲಸ ಮಾಡುತ್ತಿತ್ತೆನ್ನುತ್ತಾರೆ. ಆದರೆ ಉರುಳೆಯ ಕೆತ್ತನೆ ಬಲು ದುಬಾರಿ. ಸಾವಿರಾರು ಗಜ ಬಟ್ಟೆಯ ಮೇಲೆ ಅದೇ ಹೂವನ್ನು ಓಡಿಸಿದರೆ ಮಾತ್ರ ಹಾಕಿದ ಹಣ ಹುಟ್ಟುತ್ತಿತ್ತು. ಇನ್ನೊಂದು ಮಾತು. ಉರುಳೆಯ ಸುತ್ತಳತೆ ಎಷ್ಟೋ ಅಷ್ಟರೊಳಗೇ ಚಿತ್ರ ಮುಗಿಯಬೇಕು. ಮಂಚದ ತುಂಬ ಹರಡಿಕೊಳ್ಳುವ ಒಂದೇ ಒಂದು ಮರದ ಚಿತ್ತಾರಕ್ಕೆ ಅಲ್ಲಿ ಜಾಗವಿಲ್ಲ. ಗಿರಾಕಿಯ ಇಷ್ಟದಂತೆ ಬಟ್ಟೆ ಎಂಬುದು ಹೋಗಿ, ಇರುವ ಬಟ್ಟೆಗೆ ಗಿರಾಕಿ ಎಂದಾಯಿತು. ಯಂತ್ರದ ಯುಗದ ನಿಜವಾದ ಬದಲಾವಣೆ ಇದೇ ಎಂದು ನನಗೆ ತೋರುತ್ತದೆ.

ಭಾರತದ ಗಿರಾಕಿಯನ್ನು ಹಿಡಿಯಲು ಬ್ರಿಟಿಷರು ಪಟ್ಟ ಪಾಡೂ ಕುತೂಹಲಕರವಾಗಿದೆ. ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನ ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಭಾರತದ ಬಟ್ಟೆಗಳ 700 ನಿಜವಾದ ತುಂಡುಗಳನ್ನು ಅಂಟಿಸಿದ 18 ಸಂಪುಟಗಳನ್ನು ಸಿದ್ಧಪಡಿಸಿದ. ಮಾಡಿದ್ದು 20 ಪ್ರತಿ. 13 ಬ್ರಿಟನ್ನಿಗೆ, 7 ಭಾರತಕ್ಕೆ. ಭಾರತೀಯರು ಹೊಲಿದ ಬಟ್ಟೆಗಿಂತ ಸೀರೆ, ಪಂಚೆ, ರುಮಾಲುಗಳನ್ನೇ ಹೆಚ್ಚು ಉಡುವವರು. ಆದ್ದರಿಂದ ಅಂಚು, ಸೆರಗು ಎಲ್ಲಿ ಬರಬೇಕೆಂದು ತಿಳಿಯದೆ ಬರೀ ಹೂ ಒತ್ತಿ ಕಳಿಸಿದರೆ ಕೊಳ್ಳರು ಎಂಬುದನ್ನು ಅಲ್ಲಿಯ ಗಿರಣಿಯವರಿಗೆ ತಿಳಿಸಿಕೊಡುವುದು ಅವನ ಉದ್ದೇಶ. ಅದೇ ಹೊತ್ತಿಗೆ ರಸಾಯನಶಾಸ್ತ್ರವೂ ನೆರವಿಗೆ ಬಂತು. ಬೇರಿನ ಕೆಂಪನ್ನು 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಪ್ರಯೋಗಾಲಯದಲ್ಲಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗಿಳಿಯಿತು. ಚಾಯವೇರು ಅಗೆಯುವ ಕೆಲಸ ಕ್ರಮೇಣ ನಿಂತಿತು.

ಎಲ್ಲರೂ ಉರುಳೆಯ ಹಿಂದೆ ಹೋದಾಗ ವಿಲಿಯಂ ಮಾರಿಸ್ ಎಂಬ ಇಂಗ್ಲಿಷ್ ಕವಿ, ಸಮಾಜವಾದಿ, ಹಟ ಹಿಡಿದು ಮರದ ಅಚ್ಚಿಗೆ ಮರಳಿದ. 1881ರಲ್ಲಿ ಮರ್ಟನ್ ಅಬ್ಬಿಗೆ ಕಾರ್ಖಾನೆ ಸಾಗಿಸಿ, ಬಟ್ಟೆಯನ್ನೆಲ್ಲ ನೀಲಿಯಲ್ಲಿ ಅದ್ದಿ, ಬೇಡದ ಕಡೆ ಅಚ್ಚಿನಿಂದ ನೀಲಿಯನ್ನು ತೆಗೆದು ಬೇರೆ ಬಣ್ಣ ತುಂಬುವ ನಿಧಾನದ ವಿಧಾನ ಹಿಡಿದ. ಹಣ್ಣು ಕದಿಯುವ ಹಕ್ಕಿಗಳ ಅವನ 1883ರ ಚಿತ್ತಾರ ಇಂದಿಗೂ ಪ್ರಸಿದ್ಧ. ಬಟ್ಟೆ ಮಾತ್ರ ಅವನ ಕಂಪನಿಯಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಬಡವರ ಪರವಾಗಿ ಭಾಷಣ ಮಾಡಿದಾತನ ಪರದೆಗಳು ಶ್ರೀಮಂತರ ಕಿಟಕಿಗಳಲ್ಲಷ್ಟೇ ತೂಗಿದವು. ಕೈಕೆಲಸದ ಪರ ಮಾತಾಡುವ ಎಲ್ಲರೂ ಈ ಮುಜುಗರವನ್ನು ಒಂದಲ್ಲ ಒಂದು ದಿನ ಎದುರಿಸಲೇಬೇಕು.

ಇಂದಿನ ಟೀ ಶರ್ಟಿನ ದಾರಿ ಬಂದದ್ದು ಜಪಾನಿನ ಕಡೆಯಿಂದ. ಮನೆಯಂಗಳದಲ್ಲಿ ರಂಗೋಲಿ ಹಾಕುವ ತೂತಿನ ತಗಡನ್ನು ನೆನಪಿಸಿಕೊಳ್ಳಿ. ತೂತಿದ್ದ ಕಡೆ ಪುಡಿ ಬೀಳುತ್ತದೆ, ಉಳಿದ ಕಡೆ ಇಲ್ಲ. ಜಪಾನೀಯರು ಹಣ್ಣಿನ ರಸ ಹಚ್ಚಿ ಗಟ್ಟಿ ಮಾಡಿದ ಕಾಗದದಲ್ಲಿ ಹೀಗೆಯೇ ಚಿತ್ತಾರ ಕೊರೆದು, ಅದರ ಮೂಲಕ ಬಟ್ಟೆಗೆ ಅಕ್ಕಿಯ ಸರಿ ಬಳಿದು, ಸರಿಯಿಲ್ಲದ ಕಡೆ ಬಣ್ಣ ಹಿಡಿಸುತ್ತಿದ್ದರು. ಕೊರೆಯುವುದರಲ್ಲಿ ಒಂದು ತೊಡಕಿದೆ. ನಮ್ಮ 'ಠ' ಅಕ್ಷರವನ್ನು ರಟ್ಟಿನಲ್ಲಿ ಕೊರೆದು ನೋಡಿ. ಸುತ್ತಿನ ಗೆರೆ ಕತ್ತರಿಸಿದೊಡನೆ ಒಳಗಿನ ಭಾಗವೆಲ್ಲ ಕಳಚಿ ಬೀಳುತ್ತದೆ, ಚುಕ್ಕೆ ಎಲ್ಲಿ ಇಡಬೇಕೆಂದೇ ಗೊತ್ತಾಗುವುದಿಲ್ಲ. ಇಂಥ ತುಂಡುಗಳನ್ನು ಹಿಡಿದಿಡಲು ಜಪಾನೀಯರು ಕಾಗದಕ್ಕೆ ಸಣ್ಣ ರೇಷ್ಮೆ ಎಳೆಗಳನ್ನು ಅಂಟಿಸುತ್ತಿದ್ದರು. ಎಳೆಗಳ ಬದಲು ಇಡೀ ರೇಷ್ಮೆಯ ಜಾಲರಿಯನ್ನೇ ಚೌಕಟ್ಟಿಗೆ ಬಿಗಿದರೆ ಸ್ಕ್ರೀನ್ ಪ್ರಿಂಟಿಂಗ್ ಆಯಿತು. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ತಾಮ್ರದ ಉರುಳೆಯ ಮುಂದೆ ಇದರ ಖರ್ಚು ಏನೇನೂ ಅಲ್ಲ. ಐವತ್ತು ಅಂಗಿಗೂ ಕಟ್ಟುಬಡಿಯಾಗುತ್ತದೆ. 1942ರಲ್ಲಿ ಸೈನಿಕ ತರಬೇತಿ ಶಾಲೆಯೊಂದರ ಹೆಸರಿದ್ದ ಟೀ ಶರ್ಟು ಅಮೆರಿಕದ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿತು. 1948ರಲ್ಲಿ ಅಧ್ಯಕ್ಷ ಪದವಿಗೆ ನಿಂತ ಡ್ಯೂಯಿ ಪರ ಪ್ರಚಾರಕ್ಕೆ ಅಂಗಿಗಳು ಬಂದವು. ಅಂಗಿ ಮಾತಾಡತೊಡಗಿತು.

ಈಗ ಅಂಗಡಿಯಾತನ ಪ್ರಶ್ನೆಗಳಿಗೆ ಬರೋಣ. ಸ್ಕ್ರೀನಿನಲ್ಲಿ ಬಣ್ಣಕ್ಕೊಂದು ಚೌಕಟ್ಟು ಬೇಕು. ಚೌಕಟ್ಟಿನ ಖರ್ಚು ಒಂದು ಅಂಗಿಗೂ ಅಷ್ಟೇ, ಐನೂರಕ್ಕೂ ಅಷ್ಟೇ. ಆದ್ದರಿಂದ ಒಂದೆರಡು ಬಣ್ಣದ ಲಾಂಛನ, ನೂರಾರು ಅಂಗಿ ಎಂದರೆ ಇಂದಿಗೂ ಸ್ಕ್ರೀನೇ ಸರಿ. ಇದರಲ್ಲಿ ಹೆಚ್ಚಾಗಿ ಬಳಸುವ ಪ್ಲಾಸ್ಟಿಸಾಲ್ ಎಂಬ ಶಾಯಿ ಬಟ್ಟೆಯೊಳಕ್ಕೆ ಇಳಿಯುವುದಿಲ್ಲ, ಮೇಲೆ ಪ್ಲಾಸ್ಟಿಕ್ಕಿನ ಪದರವಾಗಿ ಕೂರುತ್ತದೆ. ಎದೆಯ ತುಂಬ ಚಿತ್ರವಿದ್ದರೆ ಬೇಸಗೆಯಲ್ಲಿ ಸೆಕೆ. ಇಸ್ತ್ರಿ ಪೆಟ್ಟಿಗೆ ನೇರವಾಗಿ ತಗುಲಿದರೆ ಅಂಟುತ್ತದೆ. ಸಬ್ಲಿಮೇಶನ್ ಇದಕ್ಕೆ ತದ್ವಿರುದ್ಧ. ಕರ್ಪೂರ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದಲ್ಲ, ಹಾಗೆಯೇ ಈ ಬಣ್ಣ ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಸೇರಿಕೊಳ್ಳುತ್ತದೆ. ಕೈಗೆ ಏನೂ ತಗಲುವುದಿಲ್ಲ. ಆಟಗಾರರ ಅಂಗಿಗಳಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಹತ್ತಿಯ ಮೇಲೆ ನಿಲ್ಲದು, ಕಪ್ಪು ಬಟ್ಟೆಯ ಮೇಲೆ ಕಾಣದು. 1990ರ ದಶಕದಿಂದೀಚೆಗೆ ಬೆಳೆದ, ಕಂಪ್ಯೂಟರ್ ಪ್ರಿಂಟರಿನಂತೆ ಹತ್ತಿಯ ಅಂಗಿಯ ಮೇಲೇ ಶಾಯಿ ಚಿಮ್ಮುವ ಯಂತ್ರಕ್ಕೆ ಅಚ್ಚೂ ಬೇಡ, ಚೌಕಟ್ಟೂ ಬೇಡ. ಒಂದೇ ಅಂಗಿಯಾದರೂ ಸರಿ, ಮಗುವಿನ ಹುಟ್ಟುಹಬ್ಬದ ಭಾವಚಿತ್ರವನ್ನಾದರೂ ಹಾಕಿಕೊಡುತ್ತದೆ. ಕಲಮಿನವನು ಒಂದೇ ಬಟ್ಟೆಗೆ ಒಂದೇ ಚಿತ್ತಾರ ಬರೆಯುತ್ತಿದ್ದ ಕಾಲದ ಲೆಕ್ಕ ಹೀಗೆ ಯಂತ್ರದ ಮೂಲಕ ಮರಳಿ ಬಂದಿದೆ.

ನೂಲಿನ ಕಸೂತಿಗೆ ಬೇರೆಯದೇ ನಿಯಮ. ಯಂತ್ರದ ಎಂಬ್ರಾಯ್ಡರಿಯವರು ಹೊಲಿಗೆಗಳನ್ನು ಎಣಿಸಿ ದರ ಹೇಳುತ್ತಾರೆ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಎಣಿಸುವುದು ಬಟ್ಟೆಯ ಎಳೆಗಳನ್ನು. ಗುರುತು ಹಾಕಿಕೊಳ್ಳದೆ, ಗಂಟು ಹಾಕದೆ ಹೊಲಿಯುವ ಗವಂತಿ ಮತ್ತು ಮುರಗಿ ಎರಡೂ ಬದಿಗೆ ಒಂದೇ ಸಮ ಕಾಣುತ್ತವೆ. ಎಳೆ ಎಣಿಸಲು ಬಾರದ ಜಾಳು ಟೀ ಶರ್ಟಿನ ಮೇಲೆ ಇದು ಸಾಧ್ಯವೇ ಇಲ್ಲ. ಇಳಕಲ್ ಸೀರೆಯಂಥ ನೇಯ್ಗೆ ಬೇಕು. 'ಯಾವ ಬಟ್ಟೆ?' ಎಂಬ ಪ್ರಶ್ನೆ ಅಲ್ಲೂ ಮೊದಲಿನದೇ.

ಅಂಗಡಿಯಾತ ಕೇಳದ ಪ್ರಶ್ನೆಯೊಂದಿದೆ: ತೊಳೆದ ನೀರು ಎಲ್ಲಿಗೆ ಹೋಯಿತು? ನಮ್ಮ ಅಂಗಿಗಳ ಬಟ್ಟೆ ಬಹುಪಾಲು ಬರುವುದು ತಮಿಳುನಾಡಿನ ತಿರುಪ್ಪೂರಿನಿಂದ. ಅಲ್ಲಿಯ ಬಣ್ಣದ ಕಾರ್ಖಾನೆಗಳು ನೊಯ್ಯಲ್ ನದಿಗೆ ಬಿಟ್ಟ ಉಪ್ಪು, ಬಣ್ಣಗಳಿಂದ ಕೆಳಗಿನ ಊರುಗಳ ಹೊಲ, ಬಾವಿಗಳು ಹಾಳಾದವು. ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಕಾರ್ಖಾನೆಗಳನ್ನು ಮುಚ್ಚಿಸಿತು. ಕೊಳೆನೀರನ್ನು ಪೂರ್ತಿ ಶುದ್ಧಿ ಮಾಡಿ ಮತ್ತೆ ಬಳಸುವ ಏರ್ಪಾಡಾದ ಮೇಲೆಯೇ ಅವು ತೆರೆದದ್ದು. ಕಾಳಹಸ್ತಿಯವರಿಗೂ ಸ್ವರ್ಣಮುಖಿಯ ಹರಿಯುವ ನೀರೇ ಬೇಕು. ಆದರೆ ಅಳಲೆ, ಸಗಣಿ, ಬೇರಿನ ನೀರಿಗೂ ಇದಕ್ಕೂ ವ್ಯತ್ಯಾಸವಿದೆ.

ಕಾಳಹಸ್ತಿಯ ಕಲಮು ಇಂದು ಉಳಿದಿದ್ದರೆ ಅದರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಪಾಲು ದೊಡ್ಡದು. ಬಲ್ಲವರು ಕೆಲವರಷ್ಟೇ ಉಳಿದಿದ್ದ 1950ರ ದಶಕದಲ್ಲಿ, ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತಿದ್ದ ಅವರು ಅಲ್ಲಿ ತರಬೇತಿಗೆ ವ್ಯವಸ್ಥೆ ಮಾಡಿಸಿದರು. ಕಾಳಹಸ್ತಿ, ಮಚಲೀಪಟ್ಟಣ ಎರಡರ ಕಲಂಕಾರಿಗೂ ಈಗ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಹಾಗಿದ್ದರೂ ಪೇಟೆಯ ಅಂಗಡಿಗಳಲ್ಲಿ ಸ್ಕ್ರೀನಿನಲ್ಲಿ ಒತ್ತಿದ, ಡಿಜಿಟಲ್ ಯಂತ್ರದಲ್ಲಿ ಮುದ್ರಿಸಿದ ಬಟ್ಟೆಗಳೂ ಕಲಂಕಾರಿಯ ಹೆಸರಲ್ಲೇ ಮಾರಾಟವಾಗುತ್ತವೆ. ಸ್ಕ್ರೀನಿನ ಬಟ್ಟೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನೂರಾರು ಜನರಿಗೆ ಅಗ್ಗದಲ್ಲಿ ಚೆಂದದ ಸೀರೆ ಸಿಗುವುದು ಒಳ್ಳೆಯದೇ. ಆದರೆ ವಾರಗಟ್ಟಲೆ ನೆನೆಸಿ, ಕುದಿಸಿ, ಒಣಗಿಸಿದವನ ಹೆಸರನ್ನು ಅದಕ್ಕೆ ಅಂಟಿಸಿ ಅವನ ಬೆಲೆಯನ್ನೂ ವಸೂಲು ಮಾಡುವುದು ಮೋಸ.

ಕೊಳ್ಳುವವರು ನೋಡಿ ತಿಳಿಯಲು ದಾರಿಯಿದೆ. ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿ. ಕಚ್ಚಿದ ಬಣ್ಣ ಅಲ್ಲೂ ಇಣುಕಿರುತ್ತದೆ. ಮೇಲೆ ಕೂತ ಬಣ್ಣದ ಹಿಂಬದಿ ಹೆಚ್ಚುಕಡಿಮೆ ಬಿಳಿ. ಸೀರೆಯ ಅಂಚಿನುದ್ದಕ್ಕೂ ಕಣ್ಣು ಹಾಯಿಸಿ. ಯಂತ್ರದ ಗೆರೆ ಎಲ್ಲೂ ತಪ್ಪಿರುವುದಿಲ್ಲ. ಕೈಯಚ್ಚಿನದಾದರೆ, ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಕಡೆ ಬಳ್ಳಿ ಕೂದಲೆಳೆಯಷ್ಟು ಮೇಲೋ ಕೆಳಗೋ ಸರಿದಿರುತ್ತದೆ.